ಐದನೇ ಚೌಕದವಳಿಗೆ ಖೋ

ಬಸ್ಸು ಕೆಟ್ಟು ನಿಲ್ಲಬಹುದಿತ್ತು. ಕೆಡದಿದ್ದರೂ ನಮ್ಮ ಶಾಲೆಯ ಸ್ಟಾಪಿನಲ್ಲಿ ನಿಲ್ಲಿಸದೆ ಹೋಗಬಹುದಿತ್ತು. ಯೂನಿಫಾರಂ ಹಾಕಿದ ಹನ್ನೆರಡು ಹುಡುಗಿಯರು ರಸ್ತೆ ಪಕ್ಕ ಒಟ್ಟಿಗೆ ನಿಂತಿದ್ದರೆ ಕೆಲವು ಡ್ರೈವರುಗಳಿಗೆ ಎದುರು ಗಾಜಿನಲ್ಲಿ ಏನೂ ಕಾಣುವುದಿಲ್ಲ. ಹಿಂದಿನ ದಿನ ಮಳೆ ಹುಯ್ದು ನರಸೀಪುರದ ಮೈದಾನ ಕೆಸರಾಗಿರಬಹುದಿತ್ತು. ಮಳೆ ಬರದಿದ್ದರೆ ನೆಲ ಕಲ್ಲಿನಂತೆ ಗಟ್ಟಿಯಾಗಿರಬಹುದಿತ್ತು. ವಯಸ್ಸಿನ ದೃಢೀಕರಣ ಪತ್ರಗಳಲ್ಲಿ ಯಾವುದೋ ಒಂದಕ್ಕೆ ಹೆಡ್‌ಮಾಸ್ಟರ ಸೀಲು ಬಿಟ್ಟುಹೋಗಿರಬಹುದಿತ್ತು. ಎದುರು ತಂಡದವರು ಕಾಲೇಜು ಸೇರಿದ ಹುಡುಗಿಯರಿಗೆ ಎರಡು ಜಡೆ ಹಾಕಿಸಿ ಹೈಸ್ಕೂಲಿನವರೆಂದು ಆಡಿಸಬಹುದಿತ್ತು. ನಮ್ಮಲ್ಲೊಬ್ಬಳಿಗೆ ಬಸ್ಸಿನಲ್ಲಿ ವಾಂತಿಯಾಗಿ, ಅದನ್ನು ನೋಡಿ ಉಳಿದ ಹನ್ನೊಂದು ಜನಕ್ಕೂ ಆಗಬಹುದಿತ್ತು. ಕಂಬ ಸಡಿಲವಾಗಿರಬಹುದಿತ್ತು. ಅಂಪೈರಿಗೆ ನಮ್ಮ ಮುಖ ಹಿಡಿಸದೆ ಹೋಗಬಹುದಿತ್ತು. ಬಿಸಿಲಿಗೆ ನನ್ನ ಬಿ.ಪಿ. ಏರಿ ನಾನೇ ಬಿದ್ದುಹೋದರೆ ಇಷ್ಟು ಮಕ್ಕಳನ್ನು ಊರು ಮುಟ್ಟಿಸುವವರು ಯಾರು?

ಇವನ್ನೆಲ್ಲ ನಾನು ತಾಲ್ಲೂಕು ಖೋ ಖೋ ಪಂದ್ಯದ ಹಿಂದಿನ ಸಂಜೆಯೇ ನಂಜನಗೂಡಿನ ಮನೆಯಲ್ಲಿ ಕೂತು ಒಂದು ಹಾಳೆಯಲ್ಲಿ ನಂಬರು ಹಾಕಿ ಬರೆದಿದ್ದೆ. ಹತ್ತೊಂಬತ್ತಾಗಿದ್ದವು. ಕಾಫಿ ತಂದ ನನ್ನ ಹೆಂಡತಿ ಹಾಳೆಯನ್ನು ಪೂರ್ತಿ ಓದಿ, ನನ್ನ ಪೆನ್ನನ್ನೇ ಇಸಿದುಕೊಂಡು ಇಪ್ಪತ್ತನೆಯದನ್ನು ತಾನು ಬರೆದಳು: ‘ನೀವು’.

ಹತ್ತೊಂಬತ್ತನೆಯದು ಉಳಿದವುಗಳಂತಲ್ಲ. ಅಲ್ಲಿ ‘ಅವಳ ಬಲ ಮಂಡಿ’ ಎಂದಷ್ಟೇ ಇತ್ತು.

ಅವಳು ಎಂದರೆ ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಮ್ಮನ ಮಗಳು, ಹತ್ತನೇ ತರಗತಿ. ನಾನು ಗಣಿತದ ಮೇಷ್ಟ್ರು. ಪಿ.ಟಿ. ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಒಂದು ದಿನ ಹೆಡ್‌ಮಾಸ್ಟರು, ‘ನೀವು ಹಿಂದೆ ಖೋ ಖೋ ಆಡ್ತಿದ್ರಂತಲ್ಲ’ ಎಂದರು. ಈ ಮಾತನ್ನು ನಾನೇ ಯಾವಾಗಲೋ ಸ್ಟಾಫ್ ರೂಮಿನಲ್ಲಿ ಜಂಭಕ್ಕೆ ಹೇಳಿದ್ದೆ. ಅದೀಗ ಪ್ರಭಾರದ ಆದೇಶವಾಗಿ ತಿರುಗಿ ಬಂತು. ಕೊರಳಿಗೆ ಒಂದು ಸೀಟಿ ಬಿತ್ತು.

ಖೋ ಖೋದಲ್ಲಿ ಅಟ್ಟಿಸಿಕೊಂಡು ಹೋಗುವ ತಂಡದ ಎಂಟು ಜನ ಸಾಲಾಗಿ, ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ, ತಮ್ಮ ತಮ್ಮ ಚೌಕದಲ್ಲಿ ಕೂತಿರುತ್ತಾರೆ. ಒಂಬತ್ತನೆಯವಳು ಓಡುತ್ತಾಳೆ. ಎದುರಾಳಿ ಸಾಲಿನ ನಡುವೆ ನುಸುಳಿ ಆಚೆ ಹೋದಳೆನ್ನಿ, ಇವಳು ಸಾಲು ದಾಟುವಂತಿಲ್ಲ, ಹಿಂದಕ್ಕೆ ತಿರುಗುವಂತೆಯೂ ಇಲ್ಲ. ಕೂತವಳೊಬ್ಬಳ ಬೆನ್ನು ಮುಟ್ಟಿ ಖೋ ಎಂದು ಕೂಗಿ, ಅವಳನ್ನು ಎಬ್ಬಿಸಿ, ಅವಳ ಚೌಕದಲ್ಲಿ ತಾನು ಕೂರಬೇಕು. ಇಲ್ಲವೇ ತುದಿಯ ಕಂಬದವರೆಗೂ ಓಡಿ, ಅದನ್ನು ಸುತ್ತಿಕೊಂಡು ಆಚೆಗೆ ಹೋಗಬೇಕು.

ಅಡುಗೆಯಮ್ಮನ ಮಗಳು ಯಾವಾಗಲೂ ಕಂಬ ಸುತ್ತಿಯೇ ಹೋಗುತ್ತಿದ್ದಳು. ಒಂಬತ್ತು ನಿಮಿಷದ ಸರದಿಯಲ್ಲಿ ಆರೇಳು ನಿಮಿಷ ಅವಳೊಬ್ಬಳದೇ ಓಟ. ಕೂತ ಎಂಟು ಜನ ಟಿಕೆಟ್ಟಿಲ್ಲದೆ ಆಟ ನೋಡಲು ಬಂದವರ ಹಾಗೆ ಕತ್ತು ಹೊರಳಿಸುತ್ತಿದ್ದರು. ಕೊನೆಗೊಮ್ಮೆ ಕಂಬದ ಬಳಿ ಮೈ ಚಾಚಿ ಡೈವ್ ಹೊಡೆದು, ನೆಲಕ್ಕೆ ಬಿದ್ದು, ಎದುರಾಳಿಯ ಹಿಮ್ಮಡಿ ಮುಟ್ಟಿ ಏಳುತ್ತಿದ್ದಳು. ನೋಡಲು ಬಹಳ ಚೆನ್ನಾಗಿರುತ್ತಿತ್ತು. ನಾನೂ ಚಪ್ಪಾಳೆ ತಟ್ಟಿದವನೇ. ಆಷಾಢದ ಒಂದು ಮಧ್ಯಾಹ್ನ ಹಾಗೆ ಬಿದ್ದವಳು ತಕ್ಷಣ ಏಳಲಿಲ್ಲ.

ನಂಜನಗೂಡಿನ ಮೂಳೆ ಡಾಕ್ಟರು ಮಂಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಮೂರು ವಾರ ಬಿಟ್ಟು ಆಡಲಿ ಎಂದರು. ಆದರೆ ಉದ್ದುದ್ದ ಓಟ, ಕಂಬಕ್ಕೆ ಹಾರುವುದು ಎರಡೂ ಬೇಡ. ಇನ್ನೊಂದು ಸಲ ಊದಿಕೊಂಡರೆ ಆಟ ಬಿಡಿಸಿಬಿಡಿ. ವಾಪಸು ಬರುವ ಬಸ್ಸಿನಲ್ಲಿ ಅವಳ ತಾಯಿ ನನ್ನ ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಹೇಳಿದರು:

‘ಇನ್ನೊಂದ್ ದಪ ಮಂಡಿ ಊದ್ಲಿ ಸಾ, ಖೋನೂ ಇಲ್ಲ ಗೀನೂ ಇಲ್ಲ. ಡಾಕ್ಟ್ರು ಬುಡ್ಸೋದೇನು, ನಾನೇ ಕಾಲು ಕಟ್ಟಾಕ್ತೀನಿ.’

ಮಗಳು ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಿದ್ದಳು. ಸ್ಟಾಪಿನಲ್ಲಿ ತಾಯಿ ಮೊದಲು ಇಳಿದಾಗ ನನ್ನ ಕಡೆ ತಿರುಗಿ, ‘ಬುಡ್ಸ್‌ಬ್ಯಾಡಿ ಸಾ. ನಂಗೆ ಇದೊಂದೇ ಬರೋದು’ ಎಂದಳು.

ತಾಲ್ಲೂಕು ಪಂದ್ಯಕ್ಕೆ ಹತ್ತು ವಾರವಿತ್ತು. ಓಡುವುದೊಂದೇ ಬರುವವಳನ್ನು ಅಷ್ಟರಲ್ಲಿ ಖೋ ಕೊಡುವವಳನ್ನಾಗಿ ಮಾಡಬೇಕು. ಇಲ್ಲದಿದ್ದರೆ ಅವಳು ಹಳೆಯ ಹಾಗೆಯೇ ಆಡುತ್ತಾಳೆ, ಮಂಡಿ ಊದುತ್ತದೆ, ಅಲ್ಲಿಗೆ ಮುಗಿಯಿತು. ಮಾಡಿಯೇ ತೀರುತ್ತೇನೆ ಎಂದುಕೊಂಡೆ. ಹಾಗೆ ಅಂದುಕೊಂಡ ಮರುಕ್ಷಣವೇ ಆಗದಿದ್ದರೆ ಏನು ಗತಿ ಎಂದೂ ಅನ್ನಿಸಿತು. ಇವೆರಡೂ ನನ್ನಲ್ಲಿ ಒಟ್ಟೊಟ್ಟಿಗೇ ಬರುತ್ತವೆ.

ಮೊದಲು ನನಗೆ ಗೊತ್ತಿದ್ದ ದಾರಿ ಹಿಡಿದೆ. ಬೋರ್ಡಿನ ಮೇಲೆ ಅಂಗಳದ ನಕ್ಷೆ ಬರೆದು, ಕಂಬ ಸುತ್ತಿ ಬರುವ ದೂರ ಎಷ್ಟು, ಅಲ್ಲೇ ಖೋ ಕೊಟ್ಟರೆ ಉಳಿಯುವ ಹೆಜ್ಜೆ ಎಷ್ಟು ಎಂದು ಲೆಕ್ಕ ಹಾಕಿ ತೋರಿಸಿದೆ. ಅವಳು ಶ್ರದ್ಧೆಯಿಂದ ಎಲ್ಲವನ್ನೂ ನೋಟ್ಸಿಗೆ ಇಳಿಸಿಕೊಂಡಳು. ಮಂಡಿಗೆ ಪಟ್ಟಿ ಸುತ್ತಿಕೊಂಡು ಮತ್ತೆ ಅಭ್ಯಾಸಕ್ಕೆ ಇಳಿದ ದಿನ ಎಂಟು ಬೆನ್ನುಗಳನ್ನೂ ದಾಟಿಕೊಂಡು ನೇರ ಕಂಬಕ್ಕೆ ಹೋದಳು.

ಆಮೇಲೆ ಕಟ್ಟುನಿಟ್ಟು ಮಾಡಿದೆ. ಮೂರು ಚೌಕ ದಾಟುವುದರೊಳಗೆ ಖೋ ಕೊಡಲೇಬೇಕು, ಇಲ್ಲದಿದ್ದರೆ ಸೀಟಿ ಊದುತ್ತೇನೆ. ಕೊಟ್ಟಳು. ಆದರೆ ಹೇಗೆ ಕೊಟ್ಟಳೆಂದರೆ, ಮೂರನೇ ದಿನ ಐದನೇ ಚೌಕದಲ್ಲಿ ಕೂರುವವಳು ಬೆನ್ನು ಉಜ್ಜಿಕೊಳ್ಳುತ್ತ ನನ್ನ ಬಳಿ ಬಂದಳು. ಅವಳು ತಂಡದಲ್ಲೇ ನಿಧಾನದ ಹುಡುಗಿ, ಮಾತು ಮಾತ್ರ ನಿಧಾನವಲ್ಲ.

‘ಸಾ, ಇವ್ಳು ಖೋ ಕೊಡ್ತಾವ್ಳೋ ಗುದ್ತಾವ್ಳೋ ಒಸಿ ಕೇಳಿ.’

‘ಗುದ್ನಿಲ್ಲ ಸಾ, ಮುಟ್ಟಿದ್ದು.’

‘ಇವ್ಳವ್ವ ರಾಗಿ ಮುದ್ದೆ ಮುಟ್ದಂಗೆ ಮುಟ್ತಳೆ ಸಾ.’

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಕೊಟ್ಟ ಮೇಲೂ ಅವಳು ಸರಿಯಾಗಿ ಕೂರುತ್ತಿರಲಿಲ್ಲ ಎನ್ನುವುದನ್ನು ನಾನು ಗಮನಿಸಿದ್ದೆ. ಚೌಕದಲ್ಲಿ ಅರ್ಧ ಎದ್ದೇ ಇರುತ್ತಿದ್ದಳು, ಬೇರೆಯವರು ತಪ್ಪು ಮಾಡುವುದನ್ನೇ ಕಾಯುವವಳಂತೆ.

ಆ ಭಾನುವಾರ ನನಗೆ ಆಟ ಕಲಿಸಿದ ಹಳೆಯ ಮೇಷ್ಟ್ರ ಮನೆಗೆ ಹೋದೆ. ನಿವೃತ್ತರಾಗಿ ಎಷ್ಟೋ ವರ್ಷವಾಗಿದೆ. ಬೆಳಿಗ್ಗೆ ಕಪಿಲೆಯ ಸೋಪಾನಕಟ್ಟೆಯವರೆಗೆ ನಡೆದು ಬಂದು, ಜಗಲಿಯಲ್ಲಿ ಕೂತು ಪೇಪರು ಓದುತ್ತಾರೆ. ನನ್ನ ಸಮಸ್ಯೆಯನ್ನೆಲ್ಲ ಕೇಳಿಸಿಕೊಂಡು ಪೇಪರು ಮಡಿಸಿದರು.

‘ಆಗಾಕಿಲ್ಲ ಬುಡ್ಲಾ’ ಎಂದರು.

‘ಹಂಗಂದ್ರೆ ಹೆಂಗೆ ಸಾರ್?’

‘ನೀನೂ ಇಂಗೇ ಇದ್ದೆ ಕಣ್ಲಾ. ಮೂರು ವರ್ಸ ಬಡ್ಕಂಡೆ ನಿಂಗೆ, ಕೊಡ್ಲಾ, ಕೊಡ್ಲಾ ಅಂತ. ಕೊಟ್ಯಾ? ಕೊನೀಗೆ ಮಂಡಿ ಮುರ್ಕಂಡು ಮೇಷ್ಟ್ರಾದೆ.’

ಇದು ನಿಜ. ನನ್ನ ಎಡ ಮಂಡಿ ಮಳೆ ಬರುವುದನ್ನು ಈಗಲೂ ಒಂದು ದಿನ ಮೊದಲೇ ತಿಳಿಸುತ್ತದೆ. ನಾನು ಎದ್ದು ಹೊರಡಲಿಲ್ಲ. ಹಟ ಹಿಡಿದು ಕೂತೇ ಇದ್ದೆ. ಅವರ ಹೆಂಡತಿ ಕೊಟ್ಟ ಕಾಫಿ ಕುಡಿದೆ, ಇನ್ನೂ ಕೂತಿದ್ದೆ. ಕೊನೆಗೆ ಅವರೇ ಮಾತಾಡಿದರು.

‘ನಾನು ತಪ್ಪು ಮಾಡ್ದೆ ಅನ್ಸತ್ತೆ ಕಣ್ಲಾ. ಕೊಡು ಕೊಡು ಅಂತ ನಿಂಗೆ ಕೊಡೋದ್ನೇ ಕಲಿಸ್ತಿದ್ದೆ. ಕೊಡೋದು ಯಾವ್ ಮಹಾ, ಕೈ ಚಾಚುದ್ರೆ ಆಯ್ತು. ಕೊಟ್ ಮ್ಯಾಲೆ ಕುಕ್ಕರಿಸ್ಬೇಕಲ್ಲ, ಅದು ನಿಂಗೆ ಬತ್ತಿರ್ನಿಲ್ಲ. ಎದ್ದೋಗಿರೋಳು ಏನ್ ಮಾಡ್ತಾಳೋ ಮಾಡ್ಲಿ ಅಂತ ತೆಪ್ಪಗೆ ಕೂರೋದು. ಅದ್ನ ಕಲಿಸು ಓಗು, ಆದ್ರೆ.’

‘ಆದ್ರೆ’ ಎನ್ನುವುದನ್ನು ಅವರು ಕೊನೆಯಲ್ಲಿ ಸೇರಿಸಿದ್ದು ನನ್ನನ್ನು ದಾರಿಯುದ್ದಕ್ಕೂ ಕಾಡಿತು.

ಕೂರುವುದನ್ನು ಕಲಿಸುವುದು ಹೇಗೆ? ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ವರಾಂಡದಲ್ಲಿ ನಿಂತಿದ್ದಾಗ ಕಣ್ಣಿಗೆ ಬಿತ್ತು. ಮಕ್ಕಳು ಎರಡು ಸಾಲಾಗಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ನಡುವೆ ಇವಳು ಸಾರಿನ ಬಕೆಟ್ಟು ಹಿಡಿದು ಬಡಿಸುತ್ತಿದ್ದಳು. ಬಡಿಸಲೆಂದು ನೇಮಿಸಿದ ಇನ್ನೂ ಮೂರು ಹುಡುಗಿಯರು ಗೋಡೆಗೊರಗಿ ನಿಂತಿದ್ದರು. ಒಬ್ಬಳು ಕೈ ಚಾಚಿದರೆ ‘ನೀ ಚೆಲ್ತೀಯ’ ಎಂದು ಬಕೆಟ್ಟನ್ನು ಇನ್ನೊಂದು ಕೈಗೆ ಬದಲಿಸಿ ಮುಂದೆ ಹೋದಳು. ಸಾಲಿನ ತುದಿ ಮುಟ್ಟಿ, ಗೋಡೆ ಸುತ್ತಿ, ಆಚೆ ಸಾಲಿಗೆ ಬಂದಳು. ಕಂಬ ಸುತ್ತಿದ ಹಾಗೆಯೇ. ಎಲ್ಲರದೂ ಮುಗಿದ ಮೇಲೆ ತಣ್ಣಗಾದ ಅನ್ನಕ್ಕೆ ತಳದ ಸಾರು ಬಗ್ಗಿಸಿಕೊಂಡು ಒಬ್ಬಳೇ ಕೂತು ಉಂಡಳು.

ಮರುದಿನದಿಂದ ಹೊಸ ಪದ್ಧತಿ ತಂದೆ. ಎಂಟು ತಟ್ಟೆಗೆ ಬಡಿಸಿದ ಮೇಲೆ ಬಕೆಟ್ಟನ್ನು ಮುಂದಿನವಳ ಕೈಗೆ ದಾಟಿಸಬೇಕು. ದಾಟಿಸಿದವಳು ಆ ಎಂಟರ ಪಕ್ಕದಲ್ಲೇ ತನ್ನ ತಟ್ಟೆ ಇಟ್ಟುಕೊಂಡು ಕೂತು, ಬಿಸಿಯಾಗಿ ಊಟ ಮಾಡಬೇಕು. ಏಳುವಂತಿಲ್ಲ. ಸಾಲಿನ ಕಡೆ ತಿರುಗಿ ನೋಡುವಂತಿಲ್ಲ. ಖೋ ಖೋ ತಂಡದ ಹುಡುಗಿಯರೇ ಬಡಿಸಬೇಕು.

ಅವಳಿಗಿಂತ ಹೆಚ್ಚು ವಿರೋಧ ಬಂದದ್ದು ಅಡುಗೆಮನೆಯಿಂದ.

‘ನಾಕು ಕೈ ಬದ್ಲಾದ್ರೆ ಸಾರು ನೆಲದ ಪಾಲು ಸಾ. ಆ ಬಕೆಟ್ಟು ಕಂಡೋರ ಕೈಗೆ ಕೊಡೋದಲ್ಲ’ ಎಂದರು ಅವಳ ತಾಯಿ. ಹಿಡಿ ಕಿತ್ತುಹೋಗಿ ತಾಮ್ರದ ತಂತಿ ಸುತ್ತಿದ್ದ ಸ್ಟೀಲ್ ಬಕೆಟ್ಟು ಅದು. ಅವರು ಕೆಲಸಕ್ಕೆ ಸೇರಿದ ವರ್ಷದಿಂದಲೂ ಅದರಲ್ಲೇ ಬಡಿಸಿದ್ದಂತೆ. ದಿನಾ ಸಂಜೆ ಹುಣಸೆಹಣ್ಣು ಹಾಕಿ ತಿಕ್ಕಿ, ಬೋರಲು ಹಾಕಿ ಹೋಗುತ್ತಾರೆ.

‘ಅಮ್ಮಾ, ಇದು ಮಂಡಿಗೋಸ್ಕರ’ ಎಂದೆ.

‘ಬಡ್ಸೋದ್ಕೂ ಮಂಡೀಗೂ ಏನ್ ಸಾ ಸಂಬಂದ?’

ಹೇಳಿದೆ. ನಂಬಲಿಲ್ಲ. ಆದರೂ ಒಂದು ವಾರದ ಗಡುವು ಕೊಟ್ಟರು.

ಮೊದಲ ದಿನವೇ ಐದನೇ ಚೌಕದವಳು ತನ್ನ ಗೆಳತಿಯರಿಗೆ ಎರಡೆರಡು ಸೌಟು ಬಡಿಸಿ, ಏಳನೇ ತರಗತಿಯವರಿಗೆ ಬರುವಷ್ಟರಲ್ಲಿ ಬಕೆಟ್ಟು ಬರಿದು ಮಾಡಿದಳು. ತಟ್ಟೆಯ ಮುಂದೆ ಕೂತಿದ್ದ ನಮ್ಮವಳು ಎದ್ದೇಬಿಟ್ಟಳು. ‘ಕೂತ್ಕೋ’ ಎಂದೆ. ಕೂತಳು. ‘ಅವ್ರಿಗಿಲ್ಲ ಸಾ’ ಎಂದು ಮತ್ತೆ ಎದ್ದಳು. ‘ಕೂತ್ಕೋ.’ ಏಳನೆಯವರಿಗೆ ಸಾರು ಇಲ್ಲದಿದ್ದದ್ದು ಸುಳ್ಳಲ್ಲ. ನಾನೇ ಹೋಗಿ ಒಳಗಿನಿಂದ ತಂದು ಬಡಿಸಿದೆ, ಒಂದು ಮಗುವಿನ ತೊಡೆಯ ಮೇಲೂ ಬಡಿಸಿದೆ. ಅವಳು ಕೈಯಲ್ಲಿದ್ದ ತುತ್ತನ್ನು ಬಾಯಿಗಿಡದೆ ಅದೆಲ್ಲವನ್ನೂ ನೋಡಿದಳು. ಆ ಮುಖ ನೋಡಿ ನಾನು ಮಾಡುತ್ತಿರುವುದು ಕಲಿಸುವುದೋ ಹಿಂಸೆಯೋ ಎಂದು ಅನುಮಾನವಾಯಿತು.

ಬಿಡಲಿಲ್ಲ. ಅವಳೂ ಬಿಡಲಿಲ್ಲ. ಎರಡನೇ ವಾರ ಅರ್ಧ ಏಳುವುದು ಕಾಲು ಭಾಗಕ್ಕೆ ಇಳಿಯಿತು. ಗಡುವು ಮುಗಿದದ್ದನ್ನು ಅಡುಗೆಯಮ್ಮ ಎತ್ತಲಿಲ್ಲ. ಮೂರನೇ ವಾರ ಒಂದು ದಿನ ಐದನೇ ಚೌಕದವಳು ಅಳತೆ ತಪ್ಪದೆ ಎಂಟಕ್ಕೆ ಎಂಟು ಬಡಿಸಿ ದಾಟಿಸಿದಾಗ ನಮ್ಮವಳು ಅದನ್ನು ನೋಡಲೇ ಇಲ್ಲ. ಉಪ್ಪಿನಕಾಯಿಯ ಮಾವಿನ ಓಟೆ ಚೀಪುತ್ತ ಪಕ್ಕದವಳ ಜೊತೆ ಏನೋ ಮಾತಾಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಅವಳ ತಾಯಿ ನಿಂತಿದ್ದರು.

‘ಇವ್ಳು ಬಿಸಿ ಅನ್ನ ಉಂಡಿದ್ ನೋಡೇ ಇರ್ನಿಲ್ಲ ಸಾ ನಾನು’ ಎಂದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಹೋದರು.

ಅಂಗಳದಲ್ಲೂ ಅದು ಇಳಿಯತೊಡಗಿತು. ಒಮ್ಮೆಗೇ ಅಲ್ಲ. ಮಂಗಳವಾರ ಕೊಡುತ್ತಿದ್ದಳು, ಬುಧವಾರ ಮತ್ತೆ ಕಂಬಕ್ಕೆ ಹೋಗುತ್ತಿದ್ದಳು. ನಾನು ಸೀಟಿ ಊದಿದರೆ ‘ಕಾಲು ಓಯ್ತು ಸಾ’ ಎನ್ನುತ್ತಿದ್ದಳು, ಕಾಲು ತನ್ನದಲ್ಲವೆಂಬಂತೆ. ಆದರೆ ಖೋ ಮೆತ್ತಗಾಯಿತು. ಬೆನ್ನು ಉಜ್ಜಿಕೊಳ್ಳುವವರು ಕಡಿಮೆಯಾದರು. ಓಡುವಾಗ ಎದುರಾಳಿಯ ಹಿಮ್ಮಡಿಯನ್ನಷ್ಟೇ ನೋಡುತ್ತಿದ್ದವಳು, ಯಾವ ಚೌಕದವಳು ಯಾವ ಕಡೆ ಮುಖ ಮಾಡಿದ್ದಾಳೆ ಎಂದು ಕಣ್ಣಂಚಿನಲ್ಲಿ ನೋಡಲು ಕಲಿತಳು.

ಪಂದ್ಯದ ಬೆಳಿಗ್ಗೆ ಅಡುಗೆಯಮ್ಮ ಆ ಬಕೆಟ್ಟಿನ ತುಂಬ ಚಿತ್ರಾನ್ನ ಕಲಸಿ, ಮುಚ್ಚಳ ಮುಚ್ಚಿ, ಬಟ್ಟೆ ಕಟ್ಟಿ ಮಗಳ ಕೈಗೆ ಕೊಟ್ಟರು. ಬಸ್ಸು ಬಂತು, ನಿಂತಿತು. ಯಾರೂ ವಾಂತಿ ಮಾಡಲಿಲ್ಲ. ಮೈದಾನ ಹದವಾಗಿತ್ತು. ಸೀಲುಗಳೆಲ್ಲ ಇದ್ದವು. ಎರಡು ಜಡೆಯವರೆಲ್ಲ ನಿಜವಾಗಿಯೂ ಹೈಸ್ಕೂಲಿನವರೇ ಆಗಿದ್ದರು. ಒಂದೊಂದೇ ನಂಬರು ಹೊಡೆದುಹಾಕುತ್ತ ಬಂದಂತೆ ನನ್ನ ಹೆದರಿಕೆ ಕಡಿಮೆಯಾಗುವ ಬದಲು ಉಳಿದದ್ದರ ಮೇಲೆ ಹೋಗಿ ಕೂತಿತು. ಬಲ ಮಂಡಿ.

ಫೈನಲಿನ ಕೊನೆಯ ಸರದಿ ನಮ್ಮ ಅಟ್ಟುವ ಸರದಿ. ಅಂಕ ಸಮವಾಗಿದ್ದವು. ಒಂದು ಔಟು ಸಿಕ್ಕರೆ ನಾವು ಗೆದ್ದಂತೆ, ಉಳಿದಿರುವುದು ಮುಕ್ಕಾಲು ನಿಮಿಷ. ಎದುರು ತಂಡದ ಎತ್ತರದ ಹುಡುಗಿಯೊಬ್ಬಳು ಸಾಲಿನುದ್ದಕ್ಕೂ ಹಾವಿನಂತೆ ಹೊರಳುತ್ತಿದ್ದಳು. ನಮ್ಮವಳು ಒಂದು ಗೇಣು ಹಿಂದೆ. ನಾಲ್ಕು ಮತ್ತು ಐದನೇ ಚೌಕದ ನಡುವೆ ಎತ್ತರದವಳು ಸೊಂಟ ಬಾಗಿಸಿ ಆಚೆಗೆ ನುಸುಳಿದಳು.

ಇವಳ ಕಾಲು ಕಂಬದ ಕಡೆ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಕಂಬ ಇನ್ನು ನಾಲ್ಕೇ ಚೌಕದಾಚೆ. ಭುಜ ಇಳಿಯಿತು, ಡೈವಿಗೆ ಮುಂಚೆ ಅವಳ ಭುಜ ಹಾಗೇ ಇಳಿಯುವುದು. ನಾನು ಕಣ್ಣು ಮುಚ್ಚಿಕೊಂಡೆ. ಹತ್ತು ವಾರ ಕಲಿಸಿದವನು ಆ ಒಂದು ಕ್ಷಣವನ್ನು ನೋಡಲಿಲ್ಲ, ಇದನ್ನು ಒಪ್ಪಿಕೊಳ್ಳಲೇಬೇಕು.

‘ಖೋ’ ಎಂದದ್ದು ಕೇಳಿಸಿತು. ಬೈಗುಳದಂತಿರಲಿಲ್ಲ ಆ ದನಿ. ‘ತಗೋ’ ಎಂದಂತಿತ್ತು.

ಕಣ್ಣು ಬಿಟ್ಟಾಗ ಐದನೇ ಚೌಕದವಳು ಎದ್ದಿದ್ದಳು. ನಮ್ಮ ತಂಡದ ನಿಧಾನದ ಹುಡುಗಿ. ಆದರೆ ಎತ್ತರದವಳು ಅವಳ ಮೂಗಿನ ಮುಂದೆಯೇ ಇದ್ದಳು, ಓಡುವ ಅಗತ್ಯವೇ ಇರಲಿಲ್ಲ. ಕೈ ಚಾಚಿದಳು, ಅಷ್ಟೆ. ಅಂಪೈರು ಸೀಟಿ ಊದಿದರು. ಅವಳಿಗೇ ಮೊದಲು ನಂಬಿಕೆ ಬರದೆ, ಮುಟ್ಟಿದ ಕೈಯನ್ನು ತಿರುಗಿಸಿ ನೋಡಿಕೊಂಡಳು. ನಮ್ಮವಳು ಆ ಹೊತ್ತಿಗೆ ಚೌಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಎರಡೂ ಅಂಗೈ ನೆಲಕ್ಕೂರಿ, ಎದುರಿನ ಗೋಡೆ ನೋಡುತ್ತಿದ್ದಳು. ಪಕ್ಕದಲ್ಲಿ ಏನಾಯಿತೆಂದು ತಿರುಗಿ ನೋಡಿದ್ದು ಉಳಿದವರು ಬಂದು ಮೇಲೆ ಬಿದ್ದಾಗಲೇ.

ನಾನು ಓಡಿಹೋಗಿ ಮಾಡಿದ ಮೊದಲ ಕೆಲಸ ಮಂಡಿ ನೋಡಿದ್ದು.

‘ಊದಿಲ್ಲ ಬುಡಿ ಸಾ’ ಎಂದಳು.

ಹಳೆಯ ಮೇಷ್ಟ್ರು ಈಗ ಕೇಳಿದರೆ, ಆಗುತ್ತದೆ ಎಂದೇ ಹೇಳುತ್ತೇನೆ. ಪೂರ್ತಿ ಆಗುತ್ತದೆಯೇ ಎಂದು ಕೇಳಿದರೆ ಗೊತ್ತಿಲ್ಲ. ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂದಾಗ ಎಲ್ಲರಿಗಿಂತ ಮುಂದೆ ಓಡಿ ಕಿಟಕಿಯಿಂದ ಸೀಟಿಗೆ ಟವೆಲ್ಲು ಎಸೆದವಳು ಅವಳೇ. ಆದರೆ ಹಿಡಿದ ಸೀಟನ್ನು ಐದನೇ ಚೌಕದವಳಿಗೆ ಬಿಟ್ಟುಕೊಟ್ಟು ತಾನು ನಿಂತುಕೊಂಡಳು. ಮಂಡಿ ಮಂಡಿ ಎಂದು ನಾನು ಗಂಟಲು ಹರಿದುಕೊಂಡ ಮೇಲೆ ಇಬ್ಬರೂ ಒಂದೇ ಸೀಟಿನಲ್ಲಿ ತುರುಕಿಕೊಂಡರು.

ನಮ್ಮ ಸ್ಟಾಪಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ಅಡುಗೆಯಮ್ಮ ಕಾಯುತ್ತ ನಿಂತಿದ್ದರು. ಗೆದ್ದದ್ದನ್ನು ಹನ್ನೆರಡು ಜನ ಒಟ್ಟಿಗೆ ಹೇಳಿದರು. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ರಸ್ತೆಯಲ್ಲೇ ಕೂತು ಮಗಳ ಪ್ಯಾಂಟಿನ ಕಾಲು ಮೇಲಕ್ಕೆ ಸರಿಸಿ, ಹೆಬ್ಬೆರಳಲ್ಲಿ ಮಂಡಿಯ ಸುತ್ತ ಒತ್ತಿ ಒತ್ತಿ ನೋಡಿದರು. ಎಡ ಮಂಡಿಯನ್ನೂ ಒತ್ತಿ ನೋಡಿ ಎರಡನ್ನೂ ಹೋಲಿಸಿದರು. ಆಮೇಲೆ ಎದ್ದು, ‘ಆಡ್ಕೋ ಓಗು’ ಎಂದರು.

ನಾನು ಜೇಬಿನಿಂದ ಹಾಳೆ ತೆಗೆದು ಹತ್ತೊಂಬತ್ತನ್ನು ಹೊಡೆದುಹಾಕಿದೆ. ಅಷ್ಟರಲ್ಲಿ ಅವರು ನಮ್ಮೆಲ್ಲರ ಕೈಗಳನ್ನು ಒಂದೊಂದಾಗಿ ನೋಡುತ್ತಿದ್ದರು.

‘ಬಕೆಟ್ಟೆಲ್ಲವ್ವ?’

‘ಇವ್ಳಿಗೆ ಕೊಟ್ಟೆ ಕಣವ್ವ’ ಎಂದಳು ಮಗಳು, ಐದನೇ ಚೌಕದವಳನ್ನು ತೋರಿಸಿ.

‘ನಾನು ಇವ್ಳಿಗೆ ದಾಟುಸ್ದೆ’ ಎಂದಳು ಐದನೇ ಚೌಕದವಳು ಪಕ್ಕಕ್ಕೆ ಕೈ ಮಾಡಿ. ಪಕ್ಕದವಳು ತನ್ನ ಪಕ್ಕದವಳನ್ನು ತೋರಿಸಿದಳು. ನಾನು ಕಲಿಸಿದ ಹಾಗೆಯೇ, ಯಾರೂ ತಿರುಗಿ ನೋಡದೆ, ಕೈಯಿಂದ ಕೈಗೆ ಅದು ಸಾಲಿನ ತುದಿಯವರೆಗೂ ಬಂದಿತ್ತು. ತುದಿಯವಳು ನನ್ನ ಮುಖ ನೋಡಿ ಮೆಲ್ಲಗೆ, ‘ಮೇಷ್ಟ್ರಿಗ್ ಕೊಟ್ಟೆ’ ಎಂದಳು.

ಕೊಟ್ಟಿದ್ದಳು. ಹುಡುಗಿಯರು ಹನ್ನೆರಡೂ ಜನ ಇದ್ದಾರೋ ಇಲ್ಲವೋ ಎಂದು ಮೂರನೇ ಸಲ ಎಣಿಸಲು ಎರಡು ಕೈಯೂ ಬೇಕೆಂದು, ನಾನು ಅದನ್ನು ನರಸೀಪುರದ ಮೈದಾನದ ಹೊಂಗೆಮರದ ಬುಡದಲ್ಲಿ ಇಳಿಸಿದ್ದೆ.

ಅಡುಗೆಯಮ್ಮ ಬೈಯಲಿಲ್ಲ. ಮಗಳನ್ನೊಮ್ಮೆ ನನ್ನನ್ನೊಮ್ಮೆ ನೋಡಿ, ‘ಇವ್ಳೇ ಇಡ್ಕಂಡಿದ್ರೆ ಬತ್ತಿತ್ತಲ್ಲ ಸಾ’ ಎಂದರು.